ಐನೂರು ರೂಪಾಯಿ ಹೆಚ್ಚು ಕೊಟ್ಟು ಜೋಡಿಸಿದ ಡಿಸ್ಕ್

ಅಂಗಡಿಯಲ್ಲಿ 8,100 ರೂಪಾಯಿಗೆ ಸಿಗುತ್ತಿದ್ದ 1 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಬಿಟ್ಟು, ಬಿಡಿಭಾಗ ತರಿಸಿ ಜೋಡಿಸಿಕೊಂಡದ್ದಕ್ಕೆ ನನಗಾದ ಖರ್ಚು 8,600. ಜೋಡಿಸಿದರೆ ಅಗ್ಗ ಎಂದು ಯೂಟ್ಯೂಬಿನಲ್ಲಿ ಹೇಳುವವರು ಈ ಲೆಕ್ಕ ತೋರಿಸುವುದಿಲ್ಲ. ಆದರೂ ಮುಂದಿನ ಸಲ ಬೇಕಾದಾಗ ನಾನು ಜೋಡಿಸಿಯೇ ಕೊಳ್ಳುವವನು.

ಇಷ್ಟು ಜಾಗ ಬೇಕಾದದ್ದು ಯಕ್ಷಗಾನಕ್ಕೆ. ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಕೊಕ್ಕಡ, ನೆಲ್ಯಾಡಿ, ಉಪ್ಪಿನಂಗಡಿ ಸುತ್ತಿನಲ್ಲಿ ಎಲ್ಲಾದರೂ ಒಂದು ಆಟ ಉಂಟು. ಹ್ಯಾಂಡಿಕ್ಯಾಮಿನಲ್ಲಿ 24 ಎಂಬಿಪಿಎಸ್ ದರಕ್ಕೆ ಹಿಡಿದರೆ ಗಂಟೆಗೆ ಹೆಚ್ಚುಕಡಿಮೆ 11 ಜಿಬಿ. ಕಾಲಮಿತಿಯ ಆಟ ಐದು ಗಂಟೆ ಎಂದುಕೊಂಡರೂ 54 ಜಿಬಿ. ಒಂದು ತಿರುಗಾಟದಲ್ಲಿ ಡಜನ್ ಆಟ ಹಿಡಿದವನಿಗೆ 650 ಜಿಬಿ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿರುವುದೇ 512.

ಈಗ ಆ 8,600ರ ವಿವರ. ಡೇಟಾ ಕೂರುವ ಎನ್‌ವಿಎಂಇ ಸ್ಟಿಕ್ಕಿಗೆ 5,600. ಅದನ್ನು ಯುಎಸ್‌ಬಿಗೆ ಜೋಡಿಸಲು ಮೊದಲು ತರಿಸಿದ ಪ್ಲಾಸ್ಟಿಕ್ ಕೇಸಿಗೆ 750. ಅದು ಮುಟ್ಟಲಾಗದಷ್ಟು ಬಿಸಿಯಾಗಿ, ಕಾಪಿ ಅರ್ಧಕ್ಕೆ ಬಂದಾಗ ತಾನೇ ಡಿಸ್ಕನೆಕ್ಟ್ ಆಗುತ್ತಿತ್ತು. ಆಮೇಲೆ ರಿಯಲ್‌ಟೆಕ್ 9210ಬಿ ಚಿಪ್ಪಿನ ಅಲ್ಯೂಮಿನಿಯಂ ಕೇಸಿಗೆ 1,900. ಅದರ ಜೊತೆ ಬಂದದ್ದು ಎರಡೂ ತುದಿ ಟೈಪ್-ಸಿ ಇರುವ ಕೇಬಲ್. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಟೈಪ್-ಎ. ಹಾಗಾಗಿ ಒಳ್ಳೆಯ ಕೇಬಲಿಗೆ ಇನ್ನೊಂದು 350. ಪ್ಲಾಸ್ಟಿಕ್ಕಿನ 750 ಬಿಟ್ಟು ನೋಡಿದರೂ 7,850. ಉಳಿಯುತ್ತಿದ್ದದ್ದು 250 ರೂಪಾಯಿ. ಅದು ಪುತ್ತೂರಿಗೆ ಹೋಗಿಬಂದು ಒಂದು ಊಟ ಮಾಡಿದರೆ ಮುಗಿಯುವ ಮೊತ್ತ. ಸ್ಟಿಕ್, ಕೇಸ್ ಎರಡನ್ನೂ ಹೊಸದಾಗಿ ಕೊಳ್ಳುವವರು ಉಳಿತಾಯದ ಆಸೆಯಿಂದ ಜೋಡಿಸಲು ಹೊರಡಬಾರದು.

ನಾನು ನೋಡಿದ್ದು ವರ್ಷದ ಖರ್ಚು. ರೆಡಿಮೇಡ್ ಡಿಸ್ಕಿಗೆ ವಾರಂಟಿ ಮೂರು ವರ್ಷ. 8,100ನ್ನು ಮೂರರಿಂದ ಭಾಗಿಸಿದರೆ 2,700. ನನ್ನ ಸ್ಟಿಕ್ಕಿಗೆ ಐದು ವರ್ಷ, ಕೇಸಿಗೆ ಒಂದೇ ವರ್ಷ. ಐದು ವರ್ಷದೊಳಗೆ ಕೇಸ್ ಒಮ್ಮೆ ಹೋಗಿಯೇ ಹೋಗುತ್ತದೆ ಎಂದು ಇಟ್ಟುಕೊಂಡು ಇನ್ನೊಂದು 1,900 ಸೇರಿಸಿದರೆ ಒಟ್ಟು 10,500, ವರ್ಷಕ್ಕೆ 2,100. ವರ್ಷಕ್ಕೆ 600 ಕಡಿಮೆ. ಇದರಲ್ಲಿ ಒಂದು ತಕರಾರು ತೆಗೆಯಬಹುದು, ತೆಗೆಯಬೇಕು ಕೂಡ: ರೆಡಿಮೇಡ್ ಡಿಸ್ಕ್ ವಾರಂಟಿ ಮುಗಿದ ಮರುದಿನವೇ ಸಾಯುತ್ತದೆ ಎಂದು ಯಾರು ಹೇಳಿದರು? ಅದೂ ಐದು ವರ್ಷ ಬಾಳಿದರೆ ವರ್ಷಕ್ಕೆ 1,620. ಆಗ ನಾನು ಸೋತೆ. ಆದ್ದರಿಂದ ಪ್ರಶ್ನೆ ಇರುವುದು ಮೊದಲು ಹಾಳಾಗುವ ಭಾಗ ಯಾವುದು ಎಂಬಲ್ಲಿ.

ನಮ್ಮ ಕಡೆ ಮೊದಲು ಹೋಗುವುದು ಪೋರ್ಟ್, ಕೇಬಲ್, ನಡುವಿನ ಬ್ರಿಜ್ ಚಿಪ್. ತೇವ ಉಂಟು, ಏಪ್ರಿಲ್-ಮೇ ತಿಂಗಳ ಸಿಡಿಲು ಉಂಟು. ರೂಟರ್ ಸುಟ್ಟುಹೋಗುವುದು ವರ್ಷ ವರ್ಷದ ಕತೆ. ಕೇಸ್ ಹೋದರೆ ನಾಲ್ಕು ಸ್ಕ್ರೂ ಬಿಚ್ಚಿ ಸ್ಟಿಕ್ಕನ್ನು ಬೇರೆ ಕೇಸಿಗೆ ಹಾಕುತ್ತೇನೆ, ಆಟಗಳೆಲ್ಲ ಇದ್ದಲ್ಲೇ ಇರುತ್ತವೆ. ಅಡಿಕೆಗೆ ಮದ್ದು ಬಿಡುವ ಗಟಾರು ಪಂಪಿನ ವಾಶರ್ ಹೋದರೆ ವಾಶರ್ ಹಾಕುತ್ತೇವೆಯೇ ಹೊರತು ಪಂಪನ್ನು ಬಿಸಾಡುವುದಿಲ್ಲ. ರೆಡಿಮೇಡ್ ಡಿಸ್ಕುಗಳಲ್ಲಿ ಕೆಲವದರ ಒಳಗೆ ಮಾಮೂಲಿ ಸ್ಟಿಕ್ಕೇ ಇರುತ್ತದೆ. ಇನ್ನು ಕೆಲವದರಲ್ಲಿ ಮೆಮೊರಿ, ಬ್ರಿಜ್, ಪೋರ್ಟ್ ಎಲ್ಲ ಒಂದೇ ಬೋರ್ಡಿಗೆ ಬೆಸುಗೆ. ಡಬ್ಬಿಯ ಮೇಲೆ ಇದನ್ನು ಬರೆದಿರುವುದಿಲ್ಲ. ದೊಡ್ಡ ಹೆಸರೂ ಕಾಯುವುದಿಲ್ಲ. ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಸರಣಿಯ ಪೋರ್ಟಬಲ್ ಡಿಸ್ಕುಗಳಲ್ಲಿ ಡೇಟಾ ಮಾಯವಾಗುತ್ತಿದೆ ಎಂದು ದೂರುಗಳು ಬಂದು, 2023ರಲ್ಲಿ ಕಂಪನಿ ಫರ್ಮ್‌ವೇರ್ ತಿದ್ದುಪಡಿ ಬಿಡಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ಗ್ರಾಹಕರು ದಾವೆಯನ್ನೂ ಹೂಡಿದರು. ವಾರಂಟಿ ಎಂದರೆ ಹೊಸ ಡಿಸ್ಕ್ ಕೊಡುತ್ತಾರೆ ಎಂದಷ್ಟೇ. ಹೋದ ಆಟವನ್ನು ಯಾರೂ ಕೊಡುವುದಿಲ್ಲ.

ಜೋಡಿಸುವುದು ನಿಜವಾಗಿ ಅಗ್ಗವಾಗುವುದು ಒಂದೇ ಸಂದರ್ಭದಲ್ಲಿ: ಹಳೆಯ ಲ್ಯಾಪ್‌ಟಾಪಿನಿಂದ ತೆಗೆದ ಸ್ಟಿಕ್ ಮನೆಯಲ್ಲಿ ಬಿದ್ದಿದ್ದರೆ. ಆಗ ಖರ್ಚು ಕೇಸಿನದ್ದು ಮಾತ್ರ, ಯೋಚಿಸುವುದೇ ಬೇಡ. ಹಳೆಯದು ಸಾಟಾ ಸ್ಟಿಕ್ ಆಗಿದ್ದರೂ 9210ಬಿ ಅದನ್ನು ಓದುತ್ತದೆ.

ಸೆಕೆಂಡಿಗೆ 7,000 ಎಂಬಿ ಎಂದು ಮುದ್ರಿಸಿದ ಜೆನ್-4 ಸ್ಟಿಕ್ಕಿಗೆ ಹೆಚ್ಚು ಕೊಡಬೇಡಿ. 5 ಜಿಬಿಪಿಎಸ್ ಪೋರ್ಟಿನಲ್ಲಿ ಸಿಗುವುದು 450 ಎಂಬಿ, 10 ಜಿಬಿಪಿಎಸ್ ಆದರೆ ಸಾವಿರದ ಆಸುಪಾಸು. ಹಿಡಿದ ಆಟವನ್ನು ಎಡಿಟ್ ಮಾಡದೆ ಸುಮ್ಮನೆ ಇಡುವವರಿಗೆ ಎಸ್‌ಎಸ್‌ಡಿಯೇ ಬೇಡ. ಆಗ 6,000 ರೂಪಾಯಿಗೆ ಸಿಗುತ್ತಿದ್ದ 2 ಟಿಬಿ ಹಾರ್ಡ್ ಡಿಸ್ಕ್ ಸಾಕು. ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಎಸ್‌ಎಸ್‌ಡಿಯ ಚಾರ್ಜ್ ಸೋರುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಕ್ಲೌಡ್? ಗೂಗಲ್‌ನ 2 ಟಿಬಿಗೆ ನಾನು ವಿಚಾರಿಸಿದಾಗ ವರ್ಷಕ್ಕೆ 6,500. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 650 ಜಿಬಿ ಏರಿಸಲು ಮೂರು ಹಗಲು ಮೂರು ರಾತ್ರಿ ಬೇಕು, ಕರೆಂಟ್ ಹೋಗದಿದ್ದರೆ. ಜೂನ್ ತಿಂಗಳಲ್ಲಿ ಪ್ರಯತ್ನಿಸಿ ನೋಡಿ.

ಇನ್ನು ಆನ್‌ಲೈನಿನಲ್ಲಿ ಮಾರುವ ಆ 16 ಟಿಬಿ ಡಿಸ್ಕು. 1,499 ರೂಪಾಯಿ, ನಾಲ್ಕೂವರೆ ಸ್ಟಾರ್, ಕ್ಯಾಶ್ ಆನ್ ಡೆಲಿವರಿ. ನೆಂಟರ ಹುಡುಗ "ಮಾವ, ನೀವು ಸುಮ್ಮನೆ ದುಡ್ಡು ಹಾಳು ಮಾಡಿದಿರಿ" ಎಂದು ಅದನ್ನು ನನಗೆ ತೋರಿಸಲು ತಂದಿದ್ದ. ಎಂತ ಹೇಳುವುದು ಮಾರಾಯ್ರೆ! 2 ಟಿಬಿಗೆ 6,000 ಇರುವಾಗ 16 ಟಿಬಿಗೆ ಎಷ್ಟಾಗುತ್ತದೆ? ಮಗ್ಗಿ ಗೊತ್ತಿದ್ದವರಿಗೆ 48,000. ಒಳಗಿರುವುದು ಒಂದು ಸಣ್ಣ ಮೆಮೊರಿ ಕಾರ್ಡ್, ಮತ್ತು 16 ಟಿಬಿ ಎಂದು ಸುಳ್ಳು ಹೇಳುವ ಫರ್ಮ್‌ವೇರ್. ಕಾರ್ಡ್ ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಫೈಲುಗಳ ಹೆಸರು ಸಾಲಾಗಿ ಕಾಣುತ್ತದೆ, ತೆರೆದರೆ ಏನೂ ಇಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಓಡಿಸಿದರೆ ಬಣ್ಣ ಬಯಲು. ಓಡಿಸುವ ಅಗತ್ಯವೂ ಇಲ್ಲ, ಹಿಂದಿರುಗಿಸಿ. ಮದುವೆಯ ವಿಡಿಯೊ ತುಂಬಿದ ಮೇಲೆ ಎಚ್ಚರಾಗುವವರೇ ಹೆಚ್ಚು.

ನನ್ನ ದರಗಳನ್ನು ಹಾಗೆಯೇ ನಂಬಬೇಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು ಬೆಲೆ ಏರಿದೆ. ಇವು ಅದಕ್ಕಿಂತ ಮುಂಚಿನವು. ಭಾಗಿಸುವ ಕ್ರಮ ಮಾತ್ರ ಅದೇ. ಮತ್ತು ಜೋಡಿಸಿ, ಕೊಳ್ಳಿ, ಏನೇ ಮಾಡಿ, ಒಂದೇ ಕಡೆ ಇಟ್ಟದ್ದು ಇದ್ದಂತಲ್ಲ. ನಮ್ಮ ಜನ ಅಡಿಕೆಯ ದರವನ್ನು ದಿನಕ್ಕೆ ಎರಡು ಸಲ ನೋಡುತ್ತಾರೆ, ಡಿಸ್ಕನ್ನು ವರ್ಷಕ್ಕೊಮ್ಮೆಯೂ ತೆರೆದು ನೋಡುವುದಿಲ್ಲ. ಇಜೆಕ್ಟ್ ಮಾಡದೆ ಎಳೆಯುತ್ತಾರೆ. ಪತ್ತನಾಜೆ ಕಳೆದ ವಾರದಲ್ಲಿ ಎರಡನೆಯ ಪ್ರತಿ ಮಾಡಿ ಬೇರೆ ಮನೆಯಲ್ಲಿ ಇಡಿ. ಮಗಳ ಮನೆ ಆದೀತು, ತಮ್ಮನ ಮನೆ ಆದೀತು.

ಸ್ಟಿಕ್ಕಿನ ಐದು ವರ್ಷದ ವಾರಂಟಿಗೆ ಬಿಲ್ಲು ಬೇಕು. ಥರ್ಮಲ್ ಪೇಪರಿನ ಬಿಲ್ಲು ಎರಡು ಮಳೆಗಾಲಕ್ಕೆ ಬಿಳಿ ಕಾಗದವಾಗುತ್ತದೆ, ಬಂದ ದಿನವೇ ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆದಿಡಿ. ಆ ಫೋಟೊವನ್ನು ಅದೇ ಡಿಸ್ಕಿನಲ್ಲಿ ಇಡಬೇಡಿ.