ಚೀಲದ ಬಾಯಿ ನೋಡಿ ಸೀಟು ಹಿಡಿಯಬೇಡಿ

ಇಂಟರ್ ಫಲಿತಾಂಶ ಬಂತೆಂದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡ ಮನೆಗಳಲ್ಲಿ ಒಂದೇ ಮಾತು: ‘ಸಿಎಸ್‌ಇ ಸಿಗ್ತದೇನು?’ ಸಿಗುತ್ತದೆ. ಹೈದರಾಬಾದಿನ ಸುತ್ತ ಆ ಸೀಟಿಗೆ ಬರವಿಲ್ಲ. ಸಿಕ್ಕದ್ದು ಎಂಥದ್ದು ಎಂದು ಅಳೆಯುವುದೇ ಕಷ್ಟ.

1. ನಡುವಿನ ಕಾಳು ನೋಡಿ. ತಾಂಡೂರಿನಲ್ಲಿ ತೊಗರಿ ಕೊಳ್ಳುವವನು ಚೀಲದ ಬಾಯಿ ನೋಡಿ ದರ ಕಟ್ಟುವುದಿಲ್ಲ, ಒಳಗಿನ ಕಾಳು ತೆಗೆಸುತ್ತಾನೆ. ಫ್ಲೆಕ್ಸಿನ ಮೇಲಿನ ‘40 ಲಕ್ಷ ಪ್ಯಾಕೇಜು’ ಚೀಲದ ಬಾಯಿ. ಹತ್ತು ಮಂದಿಯಲ್ಲಿ ಒಬ್ಬಳಿಗೆ 40 ಲಕ್ಷ, ಉಳಿದ ಒಂಬತ್ತು ಮಂದಿಗೆ ಮೂರೂವರೆ ಲಕ್ಷ ಎಂದಿಟ್ಟುಕೊಳ್ಳಿ. ಸರಾಸರಿ ಏಳು ಲಕ್ಷ ದಾಟುತ್ತದೆ. ಆ ಏಳು ಲಕ್ಷ ಒಬ್ಬರ ಕೈಗೂ ಬಂದಿಲ್ಲ! ಕೇಳಬೇಕಾದದ್ದು ಮೀಡಿಯನ್, ಅಂದರೆ ಸಾಲಿನ ನಡುವೆ ನಿಂತವರ ಸಂಬಳ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜು ಕೊಟ್ಟ ಮಾಹಿತಿಯಲ್ಲಿ ಈ ಅಂಕಿ ಇರುತ್ತದೆ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದೂ ಇರುತ್ತದೆ. ಅದು ಇಡೀ ಕಾಲೇಜಿನ ಲೆಕ್ಕ. ಸಿಎಸ್‌ಇಯದನ್ನು ಬೇರೆಯಾಗಿ ಕೇಳಿ ಪಡೆಯಿರಿ.

2. ಆಫರ್ ಬೇರೆ, ಜಾಯ್ನಿಂಗ್ ಬೇರೆ. 2022ರ ಬ್ಯಾಚಿನ ಎಷ್ಟೋ ಮಕ್ಕಳು ದೊಡ್ಡ ಐಟಿ ಕಂಪನಿಗಳ ಆಫರ್ ಲೆಟರ್ ಹಿಡಿದು ತಿಂಗಳುಗಟ್ಟಲೆ ಕಾದರು. ಕಳೆದ ವರ್ಷ ಪಾಸಾದ ನಿಮ್ಮೂರಿನ ಹುಡುಗನನ್ನೇ ಹಿಡಿದು ಕೇಳಿ: ‘ಅಣ್ಣಾ, ಕೆಲಸಕ್ಕೆ ಸೇರಿದ್ಯಾ?’

3. ನ್ಯಾಕ್ ಇಡೀ ಸಂಸ್ಥೆಗೆ ಕೊಡುವ ಮಾನ್ಯತೆ. ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ. ಸಿವಿಲ್ಲಿಗೆ ಇದ್ದು ಸಿಎಸ್‌ಇಗೆ ಇಲ್ಲದಿರಬಹುದು. ಎಂದಿನವರೆಗೆ ಇದೆ ಎಂಬ ತಾರೀಖನ್ನೂ ನೋಡಿ.

4. ಎಐ, ಎಂಎಲ್, ಡೇಟಾ ಸೈನ್ಸ್ ಎಂಬ ಬಾಲಗಳಿಗೆ ಬೆರಗಾಗಬೇಡಿ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ನೆಟ್‌ವರ್ಕ್ಸ್ ಪಾಠಗಳು ಗಟ್ಟಿಯಾಗಿ ಇವೆಯೇ, ಅವನ್ನು ಕಲಿಸುವವರು ಯಾರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ? ಪ್ರತಿವರ್ಷ ಮೇಷ್ಟ್ರು ಬದಲಾಗುವ ವಿಭಾಗಕ್ಕೆ ನಾನಾದರೆ ಮಗುವನ್ನು ಕಳಿಸೆ.

5. ಗಡಿಯ ಕಾಗದ ಮೊದಲು. ಜಹೀರಾಬಾದ್, ನಾರಾಯಣಖೇಡ ಹಿಂದೆ ಬೀದರ್ ಜಿಲ್ಲೆಯವು, ತಾಂಡೂರು ಕಲಬುರಗಿಯದು. 1956ರಲ್ಲಿ ಗಡಿಯ ಈಚೆ ಸೇರಿದವು. ಹಾಗಾಗಿ ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ನಮಗೆ ತಾಗದು. ನೆಂಟರೆಲ್ಲ ಬೀದರಿನಲ್ಲಿದ್ದರೂ ಅಷ್ಟೇ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹೊರನಾಡು, ಗಡಿನಾಡು ಕನ್ನಡಿಗರಿಗೆಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಆದರೆ ಯಾವ ನಿಯಮದಡಿ ಯಾರಿಗೆ ಅರ್ಹತೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಓದದೆ ಅರ್ಜಿ ಹಾಕಬೇಡಿ. ಇನ್ನೊಂದು ಗುಂಡಿಯೂ ಇದೆ. ತೆಲಂಗಾಣದಲ್ಲಿ ‘ಲೋಕಲ್’ ಎನಿಸಿಕೊಳ್ಳಲು ಅಲ್ಲಿ ಓದಿದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹತ್ತಿರವೆಂದು ಪಿಯುಸಿಗೆ ಬೀದರಿಗೆ ಹೋದ ಮಗಳು ಎಪ್‌ಸೆಟ್ ಕೌನ್ಸೆಲಿಂಗಿನಲ್ಲಿ ಆ ಹಕ್ಕಿಗಾಗಿ ಒದ್ದಾಡಬೇಕಾದೀತು. ಓದಲು ಕರ್ನಾಟಕಕ್ಕೆ ಹೋಗುವ ಮುನ್ನ ತೆಲಂಗಾಣದ ಶುಲ್ಕ ಮರುಪಾವತಿ ಕೈತಪ್ಪಿದರೆ ನಾಲ್ಕು ವರ್ಷಕ್ಕೆ ಎಷ್ಟು ಹೊರೆ ಎಂದು ಕೂಡಿಸಿ ನೋಡಿ.

6. ಎರಡೂ ದಿಕ್ಕಿಗೆ ಒಮ್ಮೆ ಹೋಗಿ ಬನ್ನಿ. ಹೈದರಾಬಾದಿನ ಕಡೆಯಷ್ಟೇ ಅಲ್ಲ. ಬೀದರಿನಲ್ಲಿ 1980ರ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ, ತಾಂಡೂರಿನಿಂದ ಸೇಡಂ, ವಾಡಿ ದಾಟಿದರೆ ಕಲಬುರಗಿಯಲ್ಲಿ 1958ರ ಪಿಡಿಎ ಇದೆ. ಅವಕ್ಕೂ ಇದೇ ಪ್ರಶ್ನೆಗಳು. ಕೆಲಸದ ದಿನ ಹೋಗಿ, ಮಧ್ಯಾಹ್ನ ಮೂರಕ್ಕೆ ಲ್ಯಾಬಿನ ಬಾಗಿಲು ತೆರೆದಿದೆಯೇ ನೋಡಿ.

7. ಕಂದಿಯ ಐಐಟಿ ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲೇ ಇದೆ. ಬಿಟೆಕ್‌ಗೆ ಅಲ್ಲಿ ಸಿಗದಿದ್ದರೂ ಗೇಟ್ ಬರೆದು ಎಂಟೆಕ್‌ಗೆ ಹೋಗಬಹುದು. ನೀವು ನೋಡುತ್ತಿರುವ ಕಾಲೇಜಿನಿಂದ ಹಾಗೆ ಹೋದವರುಂಟೇ ಎಂದು ಕೇಳಿ.

8. ಮನೆಯಲ್ಲಿ ತಂಗಿ ಹತ್ತನೆಯ ತರಗತಿಯಲ್ಲಿದ್ದರೆ ಬಾಸರದ ಆರ್‌ಜಿಯುಕೆಟಿ ನೆನಪಿರಲಿ. 2008ರಲ್ಲಿ ಶುರುವಾದದ್ದು, ಹತ್ತರ ಅಂಕದ ಮೇಲೆ ಪ್ರವೇಶ, ಆರು ವರ್ಷದಲ್ಲಿ ಬಿಟೆಕ್. ಅರ್ಜಿ ಕರೆಯುವುದು ಹತ್ತರ ಫಲಿತಾಂಶದ ಬೆನ್ನಿಗೇ.