ಮಂಗಳದವರೆಗೆ ಕೂತಿರಿ

ತಮ್ಮಾ, ತಂಗೀ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆದಾಗ ನಿಮ್ಮಷ್ಟೇ ಸಂತೋಷ ನನಗೂ ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ನಮ್ಮ ಬ್ಯಾಕೋಡು, ತುಮರಿ ಕಡೆಯವರು ಬಸುರಿ ಬಾಣಂತಿಯರನ್ನು ಕರೆದುಕೊಂಡು ಲಾಂಚು ಕಾದದ್ದನ್ನು ಕಂಡವರಿಗೆ ಸೇತುವೆಯ ಬೆಲೆ ಗೊತ್ತು. ಆದರೆ ಅದೇ ಲಾಂಚಿನಿಂದ ನಮಗೆ ಒಂದು ಒಳ್ಳೆಯ ರೂಢಿಯೂ ಬಂತು. ಸಾಗರದಲ್ಲಿ ಯಕ್ಷಗಾನದ ಆಟವೋ ಸಂಗೀತವೋ ಇದ್ದರೆ ಸಂಜೆಯ ಕಡೇ ಲಾಂಚು ತಪ್ಪುತ್ತಿತ್ತು. ಬೆಳಗಾಗದೆ ಊರಿಗೆ ದಾರಿಯಿಲ್ಲ. ಹಾಗಾಗಿ ರಾತ್ರಿಯಿಡೀ ಕೂತು ಕೇಳಿದೆವು.

ನನಗೆ ಇಂದಿಗೂ ಮರೆಯದಿರುವುದೆಲ್ಲ ನಡುರಾತ್ರಿ ಕಳೆದ ಮೇಲೆ ಕೇಳಿದ್ದೇ. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಮೊದಲ ಪಾಲು ಕಿರಿಯ ಭಾಗವತರದ್ದು. ಕಾಳಿಂಗ ನಾವಡರು ಆಮೇಲೆ ಬಂದು ಕೂರುವರು. ತೂಕಡಿಸುತ್ತಿದ್ದ ಜನ ಕಂಬಳಿ ಸರಿಸಿ ನೆಟ್ಟಗಾಗುವರು. ತಾಳ ನಿಲ್ಲಿಸಿ ಅವರು ಭಾಮಿನಿ ಎತ್ತಿದರೆಂದರೆ ಚಂಡೆ ಸುಮ್ಮನಾಗಿ, ಮದ್ದಳೆಯವರ ಬೆರಳು ಅಲ್ಲೊಂದು ಇಲ್ಲೊಂದು ಪೆಟ್ಟು ಕೊಟ್ಟು ಕಾಯುತ್ತಿತ್ತು. ಆ ಏರುಕಂಠ ಡೇರೆಯ ಕೊನೆಯ ಸಾಲಿಗೂ ಒಂದೇ ಸಮ ಮುಟ್ಟುತ್ತಿತ್ತು. 1990ರಲ್ಲಿ, 31ರ ಪ್ರಾಯದಲ್ಲಿ, ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಮುಂದಿನ ವರ್ಷ ಕೇಳಿದರಾಯಿತು ಎಂದುಕೊಂಡವರಿಗೆ ಅವರು ಸಿಗಲಿಲ್ಲ. ಕ್ಯಾಸೆಟ್ಟಿನಲ್ಲಿ ಪದ್ಯ ಸಿಗುತ್ತದೆ, ನಿಜ. ಆ ಪದ್ಯಕ್ಕೆ ಕಥೆ ಏರಿ ಬಂದ ಮೂರು ನಾಲ್ಕು ತಾಸು ಅದರಲ್ಲಿಲ್ಲ. ಪೆರ್ಡೂರು ಮೇಳದ ಭಾಗವತ ಧಾರೇಶ್ವರರೂ 2024ರಲ್ಲಿ ತೀರಿಕೊಂಡರು.

ರಾತ್ರಿಯಿಡೀ ಕೂತು ಕೇಳುವುದರ ಬೆಲೆ ಹಿಂದೂಸ್ತಾನಿ ಸಂಗೀತದಲ್ಲಿ ಇನ್ನೂ ಸ್ಪಷ್ಟ. ಆ ಪದ್ಧತಿಯಲ್ಲಿ ರಾಗಕ್ಕೊಂದು ಹೊತ್ತಿದೆ. ಸಂಜೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುವ ಕಛೇರಿಗಳನ್ನೇ ಕೇಳಿದವರಿಗೆ ಯಮನ್, ಪೂರಿಯಾ, ಬಾಗೇಶ್ರೀ ಸಿಕ್ಕೀತು; ಬೆಳಕು ಹರಿಯುವ ಮೊದಲಿನ ಲಲಿತ್, ಬಿಸಿಲೇರುವಾಗಿನ ತೋಡಿ ಎದುರಿನಲ್ಲಿ ಕೂತು ಕೇಳಲು ಸಿಗುವುದಿಲ್ಲ. ಕುಂದಗೋಳದ ನಾಡಗೀರರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತಿದ್ದದ್ದು ಇದಕ್ಕೇ ದೊಡ್ಡದು. ಅಲ್ಲಿ ಗುರುವಿನ ಊರಿಗೆ ಬಂದ ಗಂಗೂಬಾಯಿ ಹಾನಗಲ್ಲರಿಗೆ ಯಾವ ಅವಸರವೂ ಇರಲಿಲ್ಲ. ಆ ಗಟ್ಟಿ ದನಿ ಒಂದೊಂದು ಸ್ವರದ ಮೇಲೂ ನಿಂತು, ಸುತ್ತಲೂ ನೋಡಿ, ಆಮೇಲೆ ಮುಂದೆ ಹೋಗುತ್ತಿತ್ತು. ಗಡಿಯಾರ ನೋಡುವ ಸಭೆಯೆದುರು ಯಾರೂ ಹಾಗೆ ಹಾಡಲಾರರು. ಕೇಳುವವರು ಹೊತ್ತು ಕೊಟ್ಟರೆ ಮಾತ್ರ ಹಾಡುವವರು ರಾಗ ಕೊಡುತ್ತಾರೆ. ಇಷ್ಟು ವರ್ಷ ಕೇಳಿದ್ದರಲ್ಲಿ ನನಗೆ ಖಚಿತವಾದದ್ದು ಇದು.

 

ಈಗ ಕಾಲಮಿತಿ ಆಟಗಳು ಹೆಚ್ಚಾಗಿವೆ. ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ, ನಾನು ಬೇಡವೆನ್ನುವುದಿಲ್ಲ. ಆದರೆ ವರ್ಷಕ್ಕೆ ಒಂದಾದರೂ ಪೂರ್ಣರಾತ್ರಿಯದ್ದನ್ನು ಹುಡುಕಿಕೊಂಡು ಹೋಗಿ. ಹಿಮ್ಮೇಳ ಕಾಣುವ ಕಡೆ ಕೂತುಕೊಳ್ಳಿ. ಮದ್ದಳೆ ಯಾರದ್ದು, ಹಾರ್ಮೋನಿಯಂ ಯಾರದ್ದು ಎಂದು ಕೇಳಿ ಹೆಸರು ಬರೆದಿಟ್ಟುಕೊಳ್ಳಿ. ಮುಖ್ಯ ಕಲಾವಿದರ ಹೆಸರು ಊರಿಗೆಲ್ಲ ನೆನಪಿರುತ್ತದೆ, ಇವರದ್ದು ನೀವು ಬರೆದಿಟ್ಟರಷ್ಟೇ ಉಳಿಯುವುದು. ಮೊಬೈಲು ಎತ್ತಿ ಹಿಡಿದು ಹಿಂದಿನವರ ಕಣ್ಣಿಗೆ ಅಡ್ಡ ಮಾಡಬೇಡಿ. ಮಕ್ಕಳನ್ನೂ ಕರೆದೊಯ್ಯಿರಿ, ನಿದ್ದೆ ಬಂದರೆ ಅಲ್ಲೇ ಚಾಪೆಯ ಮೇಲೆ ಮಲಗಲಿ, ಚಂಡೆ ತಾನೇ ಎಬ್ಬಿಸುತ್ತದೆ.

ಸೇತುವೆ ಇದೆ, ಯಾವಾಗ ಬೇಕಾದರೂ ಮನೆಗೆ ಬರಬಹುದು ಎಂದು ಹನ್ನೊಂದಕ್ಕೇ ಬೈಕು ಹತ್ತಬೇಡಿ. ಮಂಗಳ ಹಾಡಿದ ಮೇಲೆ ಹೊರಡಿ.