ಬಾವಿಯ ನೀರಿಗೆ ಬ್ಲೀಚಿಂಗ್ ಪುಡಿ



ಮಳೆಗಾಲದ ಹೊಸನೀರು ಇಳಿದ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದೆಂದರೆ ಗಂಗೆಗೆ ವಿಷವಿಕ್ಕಿದಂತೆಂದು ತಮ್ಮ ಮನೆಯ ಹಿರಿಯರು ಆಕ್ಷೇಪಿಸುತ್ತಿರುವುದಾಗಿ ಬರೆದಿದ್ದೀರಿ. ಅವರ ಭೀತಿ ಸಹಜವೇ ಆದರೂ, 1908ರಲ್ಲಿ ಅಮೆರಿಕದ ಜೆರ್ಸಿ ನಗರವು ತನ್ನ ಪೌರರ ಕುಡಿಯುವ ನೀರಿಗೆ ನಿತ್ಯವೂ ಈ ಪುಡಿಯ ಸತ್ತ್ವವಾದ ಕ್ಲೋರಿನ್ ಬೆರೆಸತೊಡಗಿದಂದಿನಿಂದ ಇಂದಿನವರೆಗೆ, ಕಾಲರಾ, ವಿಷಮಶೀತಜ್ವರ ಮೊದಲಾದ ಜಲಜನ್ಯ ವ್ಯಾಧಿಗಳನ್ನು ತಡೆಯಲು ಇದಕ್ಕಿಂತ ಸುಲಭವೂ ಅಲ್ಪವ್ಯಯದ್ದೂ ಆದ ಉಪಾಯವನ್ನು ನಾನಂತೂ ಕಾಣೆನು.

ಆದರೆ ಪ್ರಮಾಣವನ್ನರಿಯದೆ ಹಿಡಿಹಿಡಿಯಾಗಿ ಸುರಿಯುವುದು ತರವಲ್ಲ. ಸಾವಿರ ಲೀಟರು ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ ಸಾಕು. ಎರಡು ಮೀಟರು ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರು ನೀರಿದ್ದರೆ ಅದು ಹನ್ನೆರಡೂವರೆ ಸಾವಿರ ಲೀಟರಾದುದರಿಂದ, ಬೇಕಾದುದು ಮೂವತ್ತು ಗ್ರಾಮಿಗೆ ತುಸು ಮೇಲೆ, ಅಷ್ಟೆ. ಅದನ್ನು ಮೊದಲು ಬಕೀಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಬಳಿಕ ನೀರು ತುಂಬಿ ಕದಡಿ, ಹತ್ತು ನಿಮಿಷ ಅಲುಗದಂತಿರಿಸಿ, ತಳದ ಸುಣ್ಣವನ್ನು ಹೊರಚೆಲ್ಲಲು ಉಳಿಸಿಕೊಂಡು (ಅದು ಬಾವಿಗೆ ಬಿದ್ದರೆ ನೀರು ಗಡುಸಾಗುವುದು), ಮೇಲಣ ತಿಳಿಯನ್ನಷ್ಟೇ ಇನ್ನೊಂದು ಬಕೀಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಿ ಬೆರೆಸತಕ್ಕದ್ದು. ಒಂದು ಗಂಟೆಯಾದರೂ ಕಳೆಯುವವರೆಗೆ ಯಾರೂ ಸೇದಬಾರದು. ರಾತ್ರಿ ಹಾಕಿ ಬೆಳಗ್ಗೆ ಸೇದುವುದು ಉತ್ತಮ.

ನೀರಿನಲ್ಲುಳಿಯುವ ಮಂದವಾದ ವಾಸನೆಗೆ ಹಿರಿಯರು ಅಂಜಬೇಕಾಗಿಲ್ಲ. ಕ್ಲೋರಿನ್ ಇನ್ನೂ ಕಾವಲಿದೆಯೆಂಬುದಕ್ಕೆ ಅದೇ ಕುರುಹು. ಬಾಯಿ ತೆರೆದಿಟ್ಟ ಹಳೆಯ ಪುಡಿ ಸತ್ತ್ವಹೀನವಾದುದು, ಕೊಳ್ಳಬೇಡಿ. ಕೆಸರು ಕದಡಿದ ನೀರಿನಲ್ಲಿ ಕ್ಲೋರಿನ್ ವ್ಯರ್ಥವಾಗಿ ವ್ಯಯವಾಗುವುದರಿಂದ, ಬಾವಿ ತಿಳಿಯಾಗುವತನಕ ಸೋಸಿ, ಚೆನ್ನಾಗಿ ಕುದಿಸಿ ಆರಿಸಿದ ನೀರನ್ನೇ ಮನೆಯವರೆಲ್ಲರಿಗೂ, ವಿಶೇಷತಃ ಮಕ್ಕಳಿಗೆ, ಕೊಡಿರಿ.